ಫೇಸ್ ವರದಿಗಳು: ದುಡ್ಡಿಲ್ಲದೆ ಸಿಗುವ, ಪ್ರತಿ ಕಾರ್ಖಾನೆಗೂ ಬೇಕಾದ ಸೇವೆ

ಸೇಫ್ಟಿ ಕೆಲಸದಲ್ಲಿ ಇರುವವರು ಹೆಲ್ಮೆಟ್, ಶೂ, ಹಾರ್ನೆಸ್ ಬಗ್ಗೆ ವಿಮರ್ಶೆ ಬರೆಯುವುದು ಸಾಮಾನ್ಯ. ನಾನು ಬರೆಯುತ್ತಿರುವುದು ಒಂದು ಸರ್ಕಾರಿ ಸೇವೆಯ ಬಗ್ಗೆ. ಅದೂ ಅಮೆರಿಕ ಸರ್ಕಾರದ್ದು. ಕೆಲಸದ ಜಾಗದಲ್ಲಿ ಆಗುವ ಸಾವುಗಳಲ್ಲಿ ಕೆಲವನ್ನು ಆರಿಸಿ ಈ ಸೇವೆಯವರು ಅಲ್ಲಿಗೆ ಹೋಗುತ್ತಾರೆ. ಸಾವು ಹೇಗಾಯಿತು ಅಂತ ಹಂತ ಹಂತವಾಗಿ ವಿಚಾರಿಸುತ್ತಾರೆ. ಇನ್ನೊಬ್ಬರು ಹಾಗೆ ಸಾಯದಿರಲು ಏನು ಮಾಡಬೇಕು ಅಂತ ಬರೆದು, ಯಾರು ಬೇಕಾದರೂ ಓದುವ ಹಾಗೆ ಇಂಟರ್ನೆಟ್‌ನಲ್ಲಿ ಹಾಕುತ್ತಾರೆ. ಲಾಗಿನ್ ಬೇಡ, ಫೀಸ್ ಇಲ್ಲ. ಪೂರ್ತಿ ಹೆಸರು ಫೆಟಾಲಿಟಿ ಅಸೆಸ್‌ಮೆಂಟ್ ಅಂಡ್ ಕಂಟ್ರೋಲ್ ಇವಾಲ್ಯುಯೇಷನ್. ಎಲ್ಲರೂ ಕರೆಯುವುದು ಫೇಸ್ ಅಂತ.

ನಾನು ಬೊಮ್ಮಸಂದ್ರ ಕಡೆಯ ಒಂದು ಫ್ಯಾಬ್ರಿಕೇಷನ್ ಘಟಕದಲ್ಲಿ ಸೇಫ್ಟಿ ಆಫೀಸರ್. ಮೊದಲು ಫಿಟ್ಟರ್ ಆಗಿದ್ದೆ, ಆಮೇಲೆ ಡಿಪ್ಲೊಮಾ ಮಾಡಿ ಈ ಕಡೆ ಬಂದೆ. ನಮ್ಮಲ್ಲಿ ಯಾದಗಿರಿ, ರಾಯಚೂರು ಕಡೆಯ ಹುಡುಗರು ಜಾಸ್ತಿ. ಬಿಹಾರ, ಒಡಿಶಾದವರೂ ಇದ್ದಾರೆ. ಇವರಿಗೆ ಸೋಮವಾರ ಬೆಳಿಗ್ಗೆ ಟೂಲ್‌ಬಾಕ್ಸ್ ಟಾಕ್ (ಕೆಲಸ ಶುರುವಾಗುವ ಮೊದಲು ಸುರಕ್ಷತೆ ಬಗ್ಗೆ ಹೇಳುವ ನಾಲ್ಕು ಮಾತು) ಮಾಡುವಾಗ ನಾನು ಫೇಸ್ ವರದಿಗಳನ್ನೇ ಬಳಸುತ್ತೇನೆ. ಪಿಪಿಇ (ಹೆಲ್ಮೆಟ್, ಶೂ ಥರದ ರಕ್ಷಣಾ ಸಾಧನ) ಹಾಕಿ, ಜಾಗ್ರತೆಯಾಗಿರಿ, ಸೇಫ್ಟಿ ಫಸ್ಟ್ ಅಂತ ಹೇಳಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಒಬ್ಬ ಮನುಷ್ಯ ಬೆಳಿಗ್ಗೆ ಕೆಲಸಕ್ಕೆ ಬಂದು ಸಂಜೆ ಮನೆಗೆ ಹೋಗಲಿಲ್ಲ, ಮಧ್ಯೆ ಏನಾಯಿತು ಅಂತ ಹೇಳಿದರೆ ಎಲ್ಲರೂ ಕೇಳುತ್ತಾರೆ.

ಮೊದಲು ಈ ಸೇವೆ ಎಲ್ಲಿಂದ ಬಂತು ಅಂತ ಎರಡು ಮಾತು. ಅಮೆರಿಕದಲ್ಲಿ 1970ರ ಕಾಯ್ದೆಯಿಂದ ಎರಡು ಸಂಸ್ಥೆ ಹುಟ್ಟಿದವು. ಒಂದು ಓಷಾ. ನಿಯಮ ಮಾಡುವುದು, ತಪಾಸಣೆ ಮಾಡುವುದು, ದಂಡ ಹಾಕುವುದು ಅದರ ಕೆಲಸ. ಇನ್ನೊಂದು ನೈಯಾಶ್. ಸಂಶೋಧನೆ ಮಾಡುವುದಷ್ಟೇ ಇದರ ಕೆಲಸ, ದಂಡ ಹಾಕುವ ಅಧಿಕಾರ ಇಲ್ಲ. ಈ ನೈಯಾಶ್ 1982ರಲ್ಲಿ ಫೇಸ್ ಶುರು ಮಾಡಿತು. ನಂತರ ಕೆಲವು ರಾಜ್ಯಗಳೂ ತಮ್ಮದೇ ತಂಡ ಕಟ್ಟಿಕೊಂಡವು. ಮಿಷಿಗನ್‌ನಲ್ಲಿ ಅಲ್ಲಿನ ಸ್ಟೇಟ್ ಯೂನಿವರ್ಸಿಟಿ ಇದನ್ನು ನಡೆಸುತ್ತದೆ, ವಾಷಿಂಗ್ಟನ್ ರಾಜ್ಯದಲ್ಲಿ ಕಾರ್ಮಿಕ ಇಲಾಖೆ. ಬೆಂಕಿ ಆರಿಸುವಾಗ ಸಾಯುವ ಅಗ್ನಿಶಾಮಕ ಸಿಬ್ಬಂದಿಗಾಗಿ 1998ರಿಂದ ಬೇರೆಯೇ ತನಿಖಾ ವಿಭಾಗ ಇದೆ.

ದಂಡ ಹಾಕುವ ಅಧಿಕಾರ ಇಲ್ಲದಿರುವುದೇ ಈ ಸೇವೆಯ ದೊಡ್ಡ ಬಲ ಅಂತ ನನಗನಿಸುತ್ತದೆ. ತನಿಖೆಗೆ ಬಂದವರು ಕೇಸ್ ಹಾಕುವವರಲ್ಲ ಅಂತ ಗೊತ್ತಿದ್ದರೆ ಸೂಪರ್‌ವೈಸರ್ ಸ್ವಲ್ಪ ಬಾಯಿ ಬಿಡುತ್ತಾನೆ. ಜೊತೆಯಲ್ಲಿ ಕೆಲಸ ಮಾಡುತ್ತಿದ್ದವನೂ ನಿಜ ಹೇಳುತ್ತಾನೆ. ವರದಿಯಲ್ಲಿ ಕಂಪನಿ ಹೆಸರು ಇರುವುದಿಲ್ಲ, ಸತ್ತವರ ಹೆಸರೂ ಇರುವುದಿಲ್ಲ. ವಯಸ್ಸು, ಕೆಲಸ, ಎಷ್ಟು ವರ್ಷದ ಅನುಭವ, ಆ ದಿನ ಯಾವ ಕೆಲಸ ಕೊಟ್ಟಿದ್ದರು, ಯಾವ ಯಂತ್ರ, ಅದಕ್ಕೆ ಗಾರ್ಡ್ ಇತ್ತಾ, ಟ್ರೈನಿಂಗ್ ಆಗಿತ್ತಾ, ಬಿದ್ದ ಮೇಲೆ ಎಷ್ಟು ಹೊತ್ತಿಗೆ ನೆರವು ಬಂತು, ಇದೆಲ್ಲ ಇರುತ್ತದೆ. ಕೊನೆಗೆ ಸಾವಿನ ಕಾರಣ, ಅದಕ್ಕೆ ಸೇರಿಕೊಂಡ ಬೇರೆ ಕಾರಣಗಳು, ಮಾಡಬೇಕಾದ ಕೆಲಸಗಳು.

ಒಂದು ವರದಿಯನ್ನು ವಿವರವಾಗಿ ಹೇಳುತ್ತೇನೆ. ಈ ಸೇವೆ ಏನು ಅಂತ ಅದರಿಂದಲೇ ಅರ್ಥವಾಗುತ್ತದೆ.

1989ರ ಜುಲೈ 26. ಮಿಷಿಗನ್‌ನ ಒಂದು ಹಾಲಿನ ಡೇರಿ ಫಾರ್ಮ್. ಸಗಣಿ, ಗಂಜಲ ಎಲ್ಲ ಸೇರುವ ಮುಚ್ಚಿದ ಗುಂಡಿ. ಅದರೊಳಗೆ ಕಲಕುವ ಯಂತ್ರದ ಒಂದು ಶಿಯರ್ ಪಿನ್ ಮುರಿದಿತ್ತು. ಫಾರ್ಮ್ ಯಜಮಾನರ 28 ವರ್ಷದ ಮಗ ಅದನ್ನು ಬದಲಾಯಿಸಲು ಇಳಿದ. ಹತ್ತಿ ಬರುವಾಗ ತಲೆ ತಿರುಗಿ ಕೆಳಗೆ ಬಿದ್ದ. ಅವನನ್ನು ಎತ್ತಲು 15 ವರ್ಷದ ಹುಡುಗ ಇಳಿದ, ಅವನೂ ಬಿದ್ದ. ಆಮೇಲೆ ಉಳಿದವರು ಒಬ್ಬರ ಹಿಂದೆ ಒಬ್ಬರು ಇಳಿದರು. 65 ವರ್ಷದ ಯಜಮಾನ, ಅವರ ಇಬ್ಬರು ಗಂಡು ಮಕ್ಕಳು, ಮೊಮ್ಮಗ, 63 ವರ್ಷದ ಒಬ್ಬ ಸಂಬಂಧಿ. ಒಂದೇ ಮನೆಯ ಐದು ಜನ ಸತ್ತರು. ಆ ಮನೆಯಲ್ಲಿ ಕಾರ್ಪೆಟ್ ಹಾಕಲು ಬಂದಿದ್ದ ಕೆಲಸಗಾರನೂ ಇಳಿದ. ಅವನ ಅಸಿಸ್ಟೆಂಟ್ ಅವನನ್ನು ಮೇಲೆ ಎಳೆದುಕೊಂಡಿದ್ದರಿಂದ ಆತ ಬದುಕಿದ.

ಇದನ್ನು ನಾನು ನಮ್ಮ ಹುಡುಗರಿಗೆ ಹೇಳಿದ್ದು ಇಟಿಪಿ (ಕಾರ್ಖಾನೆಯ ಕೊಳೆ ನೀರು ಶುದ್ಧ ಮಾಡುವ ಘಟಕ) ಗುಂಡಿಯ ಪಕ್ಕದಲ್ಲೇ ನಿಲ್ಲಿಸಿಕೊಂಡು. ಮೊದಲನೆಯವನು ಬಿದ್ದ ಅನ್ನುವಲ್ಲಿಗೆ ಕಥೆ ನಿಲ್ಲಿಸಿ, "ಈಗ ನೀವು ಅಲ್ಲಿದ್ದಿದ್ದರೆ ಏನ್ ಮಾಡ್ತಿದ್ರಿ?" ಅಂತ ಕೇಳಿದೆ. ಯಾದಗಿರಿ ಕಡೆಯ ಒಬ್ಬ ಹೆಲ್ಪರ್, ಅವನ ಸ್ವಂತ ಅಣ್ಣ ಅದೇ ಶಿಫ್ಟ್‌ನಲ್ಲಿ ವೆಲ್ಡರ್, ತಕ್ಷಣ ಹೇಳಿದ: "ಸರ್, ಅಣ್ಣ ಒಳಗ ಬಿದ್ರ ನಿಂತು ನೋಡಾಕ ಆಗ್ತದೇನ್ರಿ? ಇಳೀತೀನಿ."

ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಯಾರಾದರೂ ಅದನ್ನೇ ಹೇಳುತ್ತಾರೆ. ಅದಕ್ಕೇ ಇಂಥ ಗುಂಡಿಗಳಲ್ಲಿ ಒಬ್ಬ ಸಾಯುವುದಕ್ಕೆ ನಿಲ್ಲುವುದಿಲ್ಲ. ಮುಚ್ಚಿದ ಜಾಗಗಳಲ್ಲಿ ಸತ್ತವರಲ್ಲಿ 60%ಕ್ಕಿಂತ ಹೆಚ್ಚು ಜನ ಕಾಪಾಡಲು ಹೋದವರು ಅಂತ ನೈಯಾಶ್ 1986ರಲ್ಲೇ ಬರೆದಿತ್ತು. ನಮ್ಮಲ್ಲೂ ಹಾಗೇ ಆಗಿದೆ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ಬಜ್ಪೆ ಬಳಿ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ಟ್ಯಾಂಕಿಗೆ ಒಬ್ಬ ಬಿದ್ದ, ಅವನನ್ನು ಎತ್ತಲು ಉಳಿದವರು ಇಳಿದರು, ಐದು ಜನ ಸತ್ತರು. ಎಲ್ಲರೂ ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. 2018ರ ಜನವರಿಯಲ್ಲಿ ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟ್ ಕಡೆ ಅಪಾರ್ಟ್‌ಮೆಂಟ್ ಒಂದರ ಎಸ್‌ಟಿಪಿಯಲ್ಲಿ (ಚರಂಡಿ ನೀರು ಶುದ್ಧ ಮಾಡುವ ಘಟಕ) ಮೂವರು ಸತ್ತರು. ಮಿಷಿಗನ್‌ನ ವರದಿ ಅದಾಗಲೇ ಸುಮಾರು ಮೂವತ್ತು ವರ್ಷ ಹಳೆಯದಾಗಿತ್ತು. ಆ ಗುಂಡಿಗಳ ಹತ್ತಿರ ನಿಂತವರಲ್ಲಿ ಒಬ್ಬರಾದರೂ ಅದನ್ನು ಕೇಳಿದ್ದರೆ ಅಂತ ನನಗೆ ಪದೇ ಪದೇ ಅನಿಸುತ್ತದೆ.

ಆ ಹೆಲ್ಪರ್‌ಗೆ ಉತ್ತರ ಕೊಡಲು ವರದಿಯ ಶಿಫಾರಸುಗಳೇ ಸಾಕಾದವು. ಇಳಿಯುವ ಮೊದಲು ಗಾಳಿ ಹಾಯಿಸಿ. ಮೀಟರ್‌ನಿಂದ ಗಾಳಿ ಪರೀಕ್ಷೆ ಮಾಡಿ. ಇಳಿಯುವವನಿಗೆ ಹಾರ್ನೆಸ್ ಹಾಕಿ, ಅದರ ಹಗ್ಗವನ್ನು ಮೇಲೆ ವಿಂಚ್‌ಗೆ ಕಟ್ಟಿ. ಮೇಲೆ ಒಬ್ಬ ಅವನನ್ನೇ ನೋಡುತ್ತಾ ನಿಂತಿರಲಿ. ಉಸಿರಾಟದ ಸಿಲಿಂಡರ್ ಇಲ್ಲದೆ ಕಾಪಾಡಲು ಯಾರೂ ಇಳಿಯಬೇಡಿ. ಅಂದರೆ ಆ ತಮ್ಮನ ಕೈಗೆ ಮೊದಲೇ ಒಂದು ವಿಂಚ್ ಹ್ಯಾಂಡಲ್ ಕೊಟ್ಟಿರಬೇಕು. ಆಗ ಅಣ್ಣ ಬಿದ್ದರೆ ಅವನು ನಿಂತು ನೋಡಬೇಕಾಗಿಲ್ಲ, ಹ್ಯಾಂಡಲ್ ತಿರುಗಿಸುತ್ತಾನೆ. ಇದನ್ನು ಅವನಿಂದಲೇ ಒಂದು ಸಲ ಮಾಡಿಸಿದೆ, ಮರಳು ಚೀಲ ಕಟ್ಟಿ. ಚೀಲ ಮೇಲೆ ಬಂದಾಗ ಅವನ ಮುಖದಲ್ಲಿ ಕಂಡ ಸಮಾಧಾನವನ್ನು ಯಾವ ಪೋಸ್ಟರ್‌ನಿಂದಲೂ ತರಲು ಆಗುತ್ತಿರಲಿಲ್ಲ.

ಆಮೇಲೆ ಹುಡುಗರೇ ಪ್ರಶ್ನೆ ಕೇಳಲು ಶುರು ಮಾಡಿದರು. ವಾಸನೆ ಬಂದರೆ ಹೊರಗೆ ಓಡಿಬರಬಹುದಲ್ವಾ ಸರ್? ಬಹಳ ಜನ ನಂಬಿರುವುದು ಇದನ್ನೇ. ಇಂಥ ಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಗಾಳಿ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ಹತ್ತಿರ ಬಂದರೆ ಮೂಗಿಗೆ ವಾಸನೆಯೇ ಗೊತ್ತಾಗುವುದಿಲ್ಲ. ಜೀವಕ್ಕೆ ತಕ್ಷಣ ಅಪಾಯ ಅಂತ ನೈಯಾಶ್ ಗುರುತು ಹಾಕಿರುವುದೂ ಅದೇ 100 ಪಿಪಿಎಂಗೆ. ಅಂದರೆ "ವಾಸನೆ ಹೋಯ್ತು, ಈಗ ಇಳಿಯಬಹುದು" ಅನ್ನುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು ಆಗಿರಬಹುದು. ಆಕ್ಸಿಜನ್ 19.5%ಕ್ಕಿಂತ ಕಡಿಮೆ ಇದ್ದರೆ ಮೀಟರ್ ಕೂಗುತ್ತದೆ, ಮೂಗಿಗೆ ಅದೂ ಗೊತ್ತಾಗುವುದಿಲ್ಲ.

ಇಷ್ಟಕ್ಕೂ ಇದು ನಮ್ಮ ಕಾನೂನಿಗೆ ಹೊಸದಲ್ಲ. 1948ರ ಕಾರ್ಖಾನೆ ಕಾಯ್ದೆಯ 36ನೇ ಕಲಂ ಇದನ್ನೇ ಹೇಳಿತ್ತು. ವಿಷಗಾಳಿ ಇರಬಹುದಾದ ಟ್ಯಾಂಕ್, ಗುಂಡಿಗೆ ಇಳಿಸುವ ಮೊದಲು ಬಲ್ಲವರು ತಾವೇ ಪರೀಕ್ಷೆ ಮಾಡಿ ಬರಹದಲ್ಲಿ ಸರ್ಟಿಫಿಕೇಟ್ ಕೊಡಬೇಕು, ಇಲ್ಲವೇ ಇಳಿಯುವವನಿಗೆ ಉಸಿರಾಟದ ಸಾಧನ, ಬೆಲ್ಟ್, ಹಗ್ಗ ಇರಬೇಕು, ಹಗ್ಗದ ಇನ್ನೊಂದು ತುದಿ ಹೊರಗೆ ನಿಂತವನ ಕೈಯಲ್ಲಿರಬೇಕು. ಅದೇ ಕಾಯ್ದೆಯ 88ನೇ ಕಲಂ ಪ್ರಕಾರ ಸಾವಾದರೆ ನೋಟಿಸ್ ಸಿಕ್ಕ ಒಂದು ತಿಂಗಳೊಳಗೆ ವಿಚಾರಣೆ ಮಾಡಬೇಕಿತ್ತು. ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಾಗಿವೆ. ಕಲಂ ನಂಬರ್ ಬದಲಾಗಿದೆ, ಗುಂಡಿಯೊಳಗಿನ ಗಾಳಿ ಬದಲಾಗಿಲ್ಲ.

ನಮ್ಮಲ್ಲಿ ವಿಚಾರಣೆ ನಡೆಯುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ನಡೆದದ್ದು ಕೆಲಸಗಾರನ ಕಿವಿಗೆ ಬೀಳುವುದಿಲ್ಲ ಅನ್ನುವುದು ನನ್ನ ಸಂಕಟ. ಫೈಲ್ ಕಚೇರಿಯಲ್ಲಿ ಇರುತ್ತದೆ, ಕೇಸ್ ಕೋರ್ಟಿನಲ್ಲಿ ಇರುತ್ತದೆ, ಪರಿಹಾರದ ಚೆಕ್ ಊರಿಗೆ ಹೋಗುತ್ತದೆ. ಪಕ್ಕದ ಫ್ಯಾಕ್ಟರಿಯಲ್ಲಿ ಅದೇ ರೀತಿಯ ಗುಂಡಿ, ಅದೇ ರೀತಿಯ ಪ್ರೆಸ್ ಇರುವವರಿಗೆ ಏನೂ ತಿಳಿಯುವುದಿಲ್ಲ. ಗಣಿಗಳ ಕಡೆ ಡಿಜಿಎಂಎಸ್ (ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ) ಸಾವುಗಳ ಬಗ್ಗೆ ಸೇಫ್ಟಿ ಅಲರ್ಟ್ ಹೊರಡಿಸುತ್ತದೆ, ಅದು ಒಳ್ಳೆಯ ಪದ್ಧತಿ. ಕಾರ್ಖಾನೆ, ಕಟ್ಟಡ ಕೆಲಸ, ಎಸ್‌ಟಿಪಿ, ಬೋರ್‌ವೆಲ್ ಇವುಗಳಿಗೂ ಹೆಸರು ತೆಗೆದು, ಎರಡು ಪುಟದಲ್ಲಿ, ಕನ್ನಡದಲ್ಲಿ ಒಂದೊಂದು ವರದಿ ಬಂದರೆ ಸಾಕು. ಪ್ರತಿ ಸೇಫ್ಟಿ ಆಫೀಸರೂ ಅದನ್ನು ಪ್ರಿಂಟ್ ಹಾಕಿ ನೋಟಿಸ್ ಬೋರ್ಡಿಗೆ ಅಂಟಿಸುತ್ತಾನೆ.

ಫೇಸ್ ಓದಿ ನಾನು ಕಲಿತ ಇನ್ನೊಂದು ವಿಷಯ, ಪ್ರಶ್ನೆ ಕೇಳುವ ರೀತಿ. ವಿಲಿಯಂ ಹ್ಯಾಡನ್ ಅಂತ ಅಮೆರಿಕದ ಒಬ್ಬ ಡಾಕ್ಟರ್ ಇದ್ದರು. ರಸ್ತೆ ಅಪಘಾತಗಳ ಮೇಲೆ ಕೆಲಸ ಮಾಡಿದವರು. ಗಾಯವನ್ನು ರೋಗದ ಹಾಗೇ ನೋಡಬೇಕು ಅಂದರು. ಘಟನೆಗೆ ಮೊದಲು, ಘಟನೆಯ ಹೊತ್ತಿನಲ್ಲಿ, ಘಟನೆ ಆದ ಮೇಲೆ. ಈ ಮೂರು ಹಂತದಲ್ಲೂ ಮನುಷ್ಯ, ಯಂತ್ರ, ಸುತ್ತಲಿನ ಜಾಗ ಹೇಗಿತ್ತು ಅಂತ ಕೇಳಬೇಕು. ಎ4 ಹಾಳೆಯ ಮೇಲೆ ಒಂಬತ್ತು ಮನೆಯ ಚೌಕ. ಅದನ್ನು ಕನ್ನಡದಲ್ಲಿ ಮಾಡಿ ನಮ್ಮ ಸೂಪರ್‌ವೈಸರ್‌ಗಳಿಗೆ ಕೊಟ್ಟಿದ್ದೇನೆ.

ಅದು ಕೆಲಸಕ್ಕೆ ಬಂದದ್ದು ನಮ್ಮ ಶೆಡ್ಡಿನ ಮಾಡು (ಚಾವಣಿ) ರಿಪೇರಿ ಮಾಡುವಾಗ. ಶೀಟ್ ಬದಲಾಯಿಸಲು ಬಂದ ಕಂಟ್ರಾಕ್ಟರ್ ಹುಡುಗನೊಬ್ಬನ ಕಾಲು ಬೆಳಕಿಗೆ ಹಾಕಿದ್ದ ಫೈಬರ್ ಶೀಟ್ ಮುರಿದು ತೊಡೆಯವರೆಗೂ ಒಳಗೆ ಹೋಯಿತು. ಶೀಟ್ ಹೊತ್ತಿರುವ ಅಡ್ಡಪಟ್ಟಿ (ಪರ್ಲಿನ್) ಕೈಗೆ ಸಿಕ್ಕಿತು, ಉಳಿದುಕೊಂಡ. ಕೆಳಗೆ ಕಾಂಕ್ರೀಟ್ ನೆಲ, ಶಿಯರಿಂಗ್ ಮಷಿನ್. ಕಂಟ್ರಾಕ್ಟರ್ ಹೇಳಿದ್ದು ಒಂದೇ ಮಾತು: "ನೋಡ್ಕೊಂಡು ಕಾಲಿಡಬೇಕಿತ್ತು ಸರ್ ಅವ್ನು." ನಾನು ಹಾಳೆ ತೆಗೆದು ಅವರ ಜೊತೆಯಲ್ಲೇ ಕೂತೆ. ಹುಡುಗನಿಗೆ ಯಾವುದು ಫೈಬರ್ ಶೀಟ್, ಯಾವುದು ಸಿಮೆಂಟ್ ಶೀಟ್ ಅಂತ ಯಾರಾದರೂ ತೋರಿಸಿದ್ದರಾ? ಇಲ್ಲ. ಮೇಲೆ ಹತ್ತಿ ನೋಡಿದರೆ ವರ್ಷಗಳ ಧೂಳು ಕೂತು ಎರಡೂ ಒಂದೇ ಬಣ್ಣ. ನಡೆಯಲು ಹಲಗೆ ಇತ್ತಾ? ಕೆಳಗೇ ಇತ್ತು, ಮೇಲೆ ತಂದಿರಲಿಲ್ಲ. ಹಾರ್ನೆಸ್ ಇತ್ತಾ? ಹಾಕಿಕೊಂಡಿದ್ದ, ಹುಕ್ ಸಿಕ್ಕಿಸಲು ಲೈಫ್‌ಲೈನ್ ಎಳೆದಿರಲಿಲ್ಲ. ಶೀಟಿನ ಕೆಳಗೆ ಜಾಲರಿ ಇತ್ತಾ? ಶೆಡ್ ಕಟ್ಟಿದಾಗಿನಿಂದ ಇಲ್ಲ. ಅವನು ಪೂರ್ತಿ ಬಿದ್ದಿದ್ದರೆ ಆ ಭಾನುವಾರ ಶೆಡ್ಡಿನಲ್ಲಿ 108ಕ್ಕೆ ಫೋನ್ ಮಾಡಲು ಯಾರಿದ್ದರು? ಗೇಟಿನ ವಾಚ್‌ಮನ್ ಒಬ್ಬ, ಅವನಿಗೆ ಮಾಡಿನ ಮೇಲೆ ಜನ ಇದ್ದಾರೆ ಅಂತಲೇ ಗೊತ್ತಿರಲಿಲ್ಲ.

ಒಂಬತ್ತು ಮನೆಯಲ್ಲಿ "ನೋಡ್ಕೊಂಡು ಕಾಲಿಡಬೇಕಿತ್ತು" ಅನ್ನುವುದಕ್ಕೆ ಒಂದೇ ಮನೆ. ಉಳಿದ ಎಂಟೂ ನಾವು ಮಾಡಬೇಕಾಗಿದ್ದ ಕೆಲಸ. ಹಾಳೆ ಮ್ಯಾನೇಜ್‌ಮೆಂಟ್‌ಗೆ ಕೊಟ್ಟೆ. ಜೊತೆಗೆ ಮಾಡಿನ ಬೆಳಕಿಂಡಿ, ತೂತುಗಳಿಂದ ಬಿದ್ದು ಸಾಯುವುದರ ಬಗ್ಗೆ ನೈಯಾಶ್ 2004ರಲ್ಲಿ ತಂದ ಕೈಪಿಡಿಯನ್ನೂ ಲಗತ್ತಿಸಿದೆ. ಈಗ ನಮ್ಮ ಎಲ್ಲ ಫೈಬರ್ ಶೀಟ್‌ಗಳ ಕೆಳಗೆ ವೆಲ್ಡ್ ಮೆಶ್ ಇದೆ. ನಮ್ಮದೇ ವೆಲ್ಡರ್‌ಗಳು ಕೂರಿಸಿದ್ದು. ಹೊರಗಿನ ಸಾವುಗಳ ವರದಿ ಇಲ್ಲದೆ ನಾನೊಬ್ಬನೇ ಹೇಳಿದ್ದರೆ ಆ ಖರ್ಚಿಗೆ ಸಹಿ ಬೀಳುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ.

ವಿದ್ಯುತ್ ತಂತಿ ಸಾವುಗಳ ವರದಿಗಳೂ ಬಹಳ ಇವೆ. ಅಲ್ಯೂಮಿನಿಯಂ ಏಣಿ ತಂತಿಗೆ ತಾಗಿದ್ದು, ಕ್ರೇನ್ ಬೂಮ್ ತಾಗಿದ್ದು. ನಮ್ಮ ಹಳ್ಳಿಗಳಲ್ಲಿ ಬೋರ್‌ವೆಲ್ ಪೈಪ್ ಮೇಲೆತ್ತುವಾಗ ತಂತಿಗೆ ತಾಗಿ ಸಾಯುವುದೂ ಅದೇ ಲೆಕ್ಕ. ಪಂಪ್ ರಿಪೇರಿ ಮಾಡುವ ತಂಡದವರು ಇದನ್ನು ಓದಿದರೆ ತಕ್ಷಣ ಗುರುತು ಹಿಡಿಯುತ್ತಾರೆ. ಅಮೆರಿಕದ ಓಷಾ ನಿಯಮದಲ್ಲಿ ಕ್ರೇನಿಗೆ 50 ಕೆವಿ (50 ಸಾವಿರ ವೋಲ್ಟ್) ತಂತಿಯವರೆಗೆ ಕಡಿಮೆ ಎಂದರೆ 10 ಅಡಿ ದೂರ ಬೇಕು. ನಮ್ಮ 11 ಕೆವಿ ಲೈನ್ ಕೆಳಗೆ ಪೈಪ್ ಎತ್ತುವವರು ಮೊದಲು ತಲೆ ಎತ್ತಿ ನೋಡಿ, ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿಕೊಳ್ಳುವುದೇ ಸರಿ.

ಕೊರತೆಗಳೂ ಇವೆ, ಅವನ್ನೂ ಹೇಳಬೇಕು.

ಎಲ್ಲ ಇಂಗ್ಲಿಷ್‌ನಲ್ಲಿ ಇದೆ, ಅಳತೆ ಅಡಿ ಪೌಂಡ್‌ನಲ್ಲಿ. ಓದಿ ಕನ್ನಡಕ್ಕೋ ಹಿಂದಿಗೋ ತಂದು ಹೇಳುವ ಒಬ್ಬರು ಇಲ್ಲದಿದ್ದರೆ ಶಾಪ್ ಫ್ಲೋರ್‌ಗೆ ಇದು ತಲುಪುವುದಿಲ್ಲ. ಹಳೆಯ ವರದಿಗಳಲ್ಲಿ ಫೋಟೊ, ಚಿತ್ರ ಕಡಿಮೆ. ಬರೀ ಅಕ್ಷರ. ವರದಿ ಹೊರಬರಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಮರ ಕಡಿಯುವುದು, ಅಲಾಸ್ಕಾದ ಮೀನುಗಾರಿಕೆ ಇಂಥವು ನಮಗೆ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಹುಡುಕುವಾಗ ಕಾರಣದ ಪ್ರಕಾರ ಹೋಗಿ. ಬೀಳುವುದು, ಯಂತ್ರ, ವಿದ್ಯುತ್, ಮುಚ್ಚಿದ ಜಾಗ. ಅದೇ ಸುಲಭ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದು. ಬಹುಪಾಲು ಶಿಫಾರಸು "ಮಾಲೀಕರು ಹೀಗೆ ಮಾಡಬೇಕು" ಅಂತ ಶುರುವಾಗುತ್ತದೆ. ನಮ್ಮಲ್ಲಿ ಮಾಲೀಕ ಯಾರು ಅನ್ನುವುದೇ ಪ್ರಶ್ನೆ. ಕಂಪನಿ ಕಂಟ್ರಾಕ್ಟರ್‌ಗೆ ಕೊಡುತ್ತದೆ, ಅವನು ಲೇಬರ್ ಕಂಟ್ರಾಕ್ಟರ್‌ಗೆ, ಅವನು ಮೇಸ್ತ್ರಿಗೆ. ಮೇಸ್ತ್ರಿ ಬೆಳಿಗ್ಗೆ ಯಾರು ಸಿಕ್ಕರೋ ಅವರನ್ನು ಟೆಂಪೋದಲ್ಲಿ ಕರೆತರುತ್ತಾನೆ. ಮಾಡಿನ ಮೇಲೆ ಹತ್ತಿದ ಆ ಹುಡುಗನ ಹೆಸರು ನಮ್ಮ ಗೇಟ್ ರಿಜಿಸ್ಟರ್‌ನಲ್ಲೇ ಇರಲಿಲ್ಲ. ಇದಕ್ಕೆ ಅಮೆರಿಕದ ವರದಿಯಲ್ಲಿ ಪೂರ್ತಿ ಉತ್ತರ ಸಿಗುವುದಿಲ್ಲ. ನಮ್ಮ ಘಟಕದಲ್ಲಿ ಈಗ ಪರ್ಮಿಟ್ (ಅಪಾಯದ ಕೆಲಸಕ್ಕೆ ಬರಹದಲ್ಲಿ ಕೊಡುವ ಅನುಮತಿ) ಮೇಲೆ ಕೆಲಸ ಮಾಡುವ ಪ್ರತಿಯೊಬ್ಬನ ಹೆಸರು, ಊರು, ಮನೆಯವರ ಫೋನ್ ನಂಬರ್ ಬರೆಸುತ್ತೇವೆ. ಪರ್ಮಿಟ್‌ಗೆ ಸಹಿ ಹಾಕುವುದು ನಮ್ಮ ಸೂಪರ್‌ವೈಸರ್, ಕಂಟ್ರಾಕ್ಟರ್ ಅಲ್ಲ.

ಇನ್ನು ಈ ಸೇವೆಯ ಭವಿಷ್ಯದ ಚಿಂತೆ. 2025ರ ಏಪ್ರಿಲ್‌ನಲ್ಲಿ ನೈಯಾಶ್‌ನ ಬಹಳಷ್ಟು ಸಿಬ್ಬಂದಿಯನ್ನು ಕೆಲಸದಿಂದ ತೆಗೆಯುವ ನೋಟಿಸ್ ಹೋಯಿತು. ಅಗ್ನಿಶಾಮಕ ಸಿಬ್ಬಂದಿಯ ಸಾವುಗಳ ತನಿಖೆಗೂ ಅದರಿಂದ ಪೆಟ್ಟು ಬಿತ್ತು. ಜಗತ್ತಿನ ಎಷ್ಟೋ ದೇಶದ ಸೇಫ್ಟಿಯವರು ಓದುವ ಕೆಲಸಕ್ಕೆ ಹೀಗೆ ಕೈ ಹಾಕಿದ್ದು ನನಗೆ ಬಹಳ ನೋವು ತಂದಿದೆ. ನನಗೆ ಬೇಕಾದ ವರದಿಗಳನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಂಡಿದ್ದೇನೆ. ನೀವೂ ಹಾಗೇ ಮಾಡಿ.

5ಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಮಾಡಿದ್ದು ಭಾಷೆಗೆ ಮತ್ತು ತಡವಾಗುವುದಕ್ಕೆ.

ಶುರು ಮಾಡುವವರಿಗೆ: ನಿಮ್ಮ ಜಾಗದಲ್ಲಿ ಇರುವ ಅಪಾಯವನ್ನೇ ಆರಿಸಿ, ಒಂದು ಸಲಕ್ಕೆ ಒಂದೇ ವರದಿ. ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. ಸತ್ತವನ ವಯಸ್ಸು, ಅನುಭವ ಮೊದಲು ಹೇಳಿ. ಇಪ್ಪತ್ತು ವರ್ಷ ಅನುಭವ ಇದ್ದವನೂ ಸತ್ತಿದ್ದಾನೆ ಅಂತ ಕೇಳಿದರೆ ಹಳಬರು ತಲೆ ಎತ್ತುತ್ತಾರೆ. ಮಧ್ಯದಲ್ಲಿ ನಿಲ್ಲಿಸಿ ಅವರನ್ನೇ ಕೇಳಿ. ಅವರು ಹೇಳಿದ್ದನ್ನು ಬರೆದುಕೊಳ್ಳಿ, ಏಕೆಂದರೆ ಎಲ್ಲಿ ಹುಕ್ ಇಲ್ಲ, ಯಾವ ಗಾರ್ಡ್ ಸಡಿಲ, ಯಾವ ಮುಚ್ಚಳ ಸರಿಯಾಗಿ ಕೂರಲ್ಲ ಅನ್ನುವುದು ಅವರಿಗೇ ಗೊತ್ತಿರುವುದು. ಅದರಲ್ಲಿ ಒಂದನ್ನಾದರೂ ಮುಂದಿನ ಸೋಮವಾರದೊಳಗೆ ಸರಿ ಮಾಡಿಸಿ ತೋರಿಸಿ. ಇಲ್ಲದಿದ್ದರೆ ಮೂರನೇ ವಾರ ಯಾರೂ ಬಾಯಿ ಬಿಡುವುದಿಲ್ಲ.